ಅಪ್ಪಣೆಯಿಲ್ಲದ ದನಿಗಳು

ಮಹಾಬಳೇಶ್ವರದಿಂದ ಕೊಯ್ನೆಯವರೆಗಿನ ಘಟ್ಟಗಳಲ್ಲಿ ಶ್ರಾವಣದ ಮಳೆ ಹಗಲಿರುಳೆನ್ನದೆ ಸುರಿಯತೊಡಗಿದಾಗ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಜನ, ತಮ್ಮ ತಲೆಯ ಮೇಲಿನ ಮುಗಿಲು ತಿಳಿಯಾಗಿಯೇ ಇದ್ದರೂ, ಒಂದು ಅಂಕಿಗಾಗಿ ಕಿವಿಗೊಟ್ಟು ಕುಳಿತಿರುತ್ತಾರೆ. ರಾಜಾಪುರ ಬ್ಯಾರೇಜಿನಿಂದ ಈ ಹೊತ್ತಿಗೆ ಎಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ, ದೂಧಗಂಗೆಯ ನೀರೂ ಕೂಡಿದ ಮೇಲೆ ಕಲ್ಲೋಳದ ಬಳಿ ಕೃಷ್ಣೆಯ ಒಟ್ಟು ಹರಿವು ಎಷ್ಟಾಯಿತು ಎಂಬ ಆ ಒಂದು ಅಂಕಿಯನ್ನು ಅವಲಂಬಿಸಿಯೇ ದನಕರುಗಳನ್ನು ಗೂಟದಿಂದ ಬಿಚ್ಚಬೇಕೋ ಬೇಡವೋ, ತೋಟಪಟ್ಟಿಯ ಮನೆಯ ಮುದುಕರನ್ನು ರಾತ್ರಿಯೇ ಊರೊಳಕ್ಕೆ ಸಾಗಿಸಬೇಕೋ ಬೆಳಗಿನವರೆಗೆ ಕಾಯಬಹುದೋ ಎಂಬುದು ನಿಶ್ಚಯವಾಗಬೇಕು. 2005ರಲ್ಲಿ ಈ ಸೀಮೆ ಕಂಡ ಮಹಾಪೂರವನ್ನು ನೆನೆಯುವವರು ಇನ್ನೂ ಬೇಕಾದಷ್ಟು ಜನರಿದ್ದಾರೆ. 2019ರ ಆಗಸ್ಟ್ ತಿಂಗಳಲ್ಲಂತೂ ವೇದಗಂಗೆ ಉಕ್ಕಿ ನಿಪ್ಪಾಣಿಯ ಸಮೀಪದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿ, ಸಂಚಾರವೆಲ್ಲ ಸ್ತಬ್ಧವಾದುದನ್ನು ಕಣ್ಣಾರೆ ಕಂಡವರಲ್ಲಿ ಎಳೆಯ ಮಕ್ಕಳೂ ಉಂಟು.

ಇಂಥ ವೇಳೆಯಲ್ಲಿ ಮೊದಲು ಕೈಕೊಡುವುದು ವಿದ್ಯುತ್ತು. ಅದರ ಬೆನ್ನಿಗೇ, ಗೋಪುರದ ಬುಡದ ಬ್ಯಾಟರಿಗಳು ಬರಿದಾದೊಡನೆ, ಮೊಬೈಲು. ಆಮೇಲೆ ಉಳಿಯುವ ಸಾಧನಗಳು ಬಹಳ ಸ್ವಲ್ಪ. ಆ ಸ್ವಲ್ಪದಲ್ಲಿ ಹವ್ಯಾಸಿ ರೇಡಿಯೋ, ಅಂದರೆ ಬಳಕೆಯ ಮಾತಿನಲ್ಲಿ ಹ್ಯಾಮ್ ರೇಡಿಯೋ, ಒಂದು. ಟ್ರ್ಯಾಕ್ಟರಿನ ಬ್ಯಾಟರಿ, ಎರಡು ಮರಗಳ ನಡುವೆ ಕಟ್ಟಿದ ಇಪ್ಪತ್ತು ಮೀಟರು ತಂತಿ, ಒಂದು ಪುಟ್ಟ ಯಂತ್ರ—ಇಷ್ಟಿದ್ದರೆ 7 ಮೆಗಾಹರ್ಟ್ಸ್ ಸುಮಾರಿನ ತರಂಗಗಳು ಹಗಲು ಹೊತ್ತಿನಲ್ಲಿ ಮೇಲಿನ ಅಯಾನಮಂಡಲಕ್ಕೆ ತಾಗಿ ಹಿಂದಿರುಗಿ, ಐದುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಚಿಕ್ಕೋಡಿಯ ಮಾತನ್ನು ಮುಟ್ಟಿಸಬಲ್ಲವು. ನಡುವೆ ಗೋಪುರ ಬೇಡ, ತಂತಿ ಬೇಡ, ಉಪಗ್ರಹವೂ ಬೇಡ. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ, ಹವ್ಯಾಸದ ಸಲುವಾಗಿ ಪೋರ್ಟ್ ಬ್ಲೇರಿಗೆ ಹೋಗಿ ಕೇಂದ್ರ ತೆರೆದಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು, ದ್ವೀಪಗಳ ಸಂಪರ್ಕವೆಲ್ಲ ಕಡಿದಿದ್ದ ಆ ದಿನಗಳಲ್ಲಿ ಸಾವಿರಾರು ಕುಟುಂಬಗಳಿಗೆ ಕ್ಷೇಮಸಮಾಚಾರದ ಏಕೈಕ ದಾರಿಯಾಗಿ ನಿಂತದ್ದು ಈ ಶತಮಾನದ ಭಾರತೀಯ ಹ್ಯಾಮ್ ಚರಿತ್ರೆಯ ಉಜ್ಜ್ವಲವಾದ ಅಧ್ಯಾಯ.

ಈ ಸೇವೆಗೆ ಕಟ್ಟಳೆಯುಂಟು. 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆದವನಿಗೆ ವಿಯು2 ಅಥವಾ ವಿಯು3 ಎಂದು ಮೊದಲಾಗುವ ಕರೆಸಂಕೇತವೊಂದು ಸಿಗುತ್ತದೆ. ಮಾತಿನ ಆದಿಯಲ್ಲೂ ಅಂತ್ಯದಲ್ಲೂ ಅವನು ಅದನ್ನು ಉಚ್ಚರಿಸಲೇಬೇಕು. ವ್ಯಾಪಾರದ ಮಾತು, ಜಾಹೀರಾತು, ಸಂಗೀತದ ಪ್ರಸಾರ, ಗುಪ್ತಲಿಪಿ ಇವೆಲ್ಲ ನಿಷಿದ್ಧ. ಮೂರನೆಯವರ ಸಂದೇಶವನ್ನು ಹೊರುವುದೂ ಸಾಮಾನ್ಯವಾಗಿ ನಿಷಿದ್ಧವೇ. ಆದರೆ ಭೂಕಂಪ, ಪ್ರವಾಹ, ಚಂಡಮಾರುತಗಳಿಂದ ಸಾಮಾನ್ಯ ಸಂಪರ್ಕವ್ಯವಸ್ಥೆ ಕುಸಿದಾಗ, ಜಿಲ್ಲಾಧಿಕಾರಿಯಂಥ ಸಮರ್ಥ ಅಧಿಕಾರಿಗಳಿಂದ ಹೊರಟ, ಅವರಿಗೆ ಸೇರಬೇಕಾದ ಸಂದೇಶಗಳನ್ನು ಹವ್ಯಾಸಿ ಸಾಗಿಸಬಹುದೆಂದು ಅದೇ ನಿಯಮಗಳು ಹೇಳುತ್ತವೆ. ನಿಯಮ ಬರೆದವರು ನಮ್ಮ ಕೃಷ್ಣೆಯನ್ನೇ ಕಣ್ಣಮುಂದಿಟ್ಟುಕೊಂಡು ಬರೆದರೋ ಎನ್ನುವಷ್ಟು ಈ ಮಾತು ನಮ್ಮ ಸೀಮೆಗೆ ಒಪ್ಪುತ್ತದೆ.

ಇನ್ನು, ಹವ್ಯಾಸಿಗಳಿಗೆ ಮೀಸಲಾದ ಕಂಪನಾಂಕಗಳ ಪಟ್ಟಿಗಳಲ್ಲಿ ಲೈಸೆನ್ಸಿಲ್ಲದೆ ಮಾತನಾಡುವವರ ವಿಚಾರ. ಅಂಗೈಯಲ್ಲಿ ಹಿಡಿಸುವ ಅಗ್ಗದ ಚೀನೀ ವಾಕಿಟಾಕಿಗಳು ಈಗ ಯಾರ ಕೈಗಾದರೂ ಬರುತ್ತವೆ. ಅವುಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತನಾಡಬಲ್ಲವು; ಆ ಹರವಿನೊಳಗೆ ಹವ್ಯಾಸಿಗಳಿಗೆ ಮೀಸಲಾದ 144ರಿಂದ 146ರ ಪಟ್ಟಿಯೂ ಬರುತ್ತದೆ, ಪೊಲೀಸರ, ರೈಲ್ವೆಯವರ ಕಂಪನಾಂಕಗಳೂ ಬರುತ್ತವೆ. ಕೊಂಡವನಿಗೆ ಈ ಗಡಿಗಳು ಗೊತ್ತಿಲ್ಲ. ಗುಂಡಿ ಒತ್ತಿದರೆ ಮಾತು ಹೋಗುತ್ತದೆ ಎಂಬುದಷ್ಟೇ ಅವನಿಗೆ ಗೊತ್ತು. ಕೇಳುವವರಿಲ್ಲದ ಖಾಲಿ ಜಾಗದಲ್ಲಿ ನಾಲ್ಕು ಮಾತಾಡಿದರೆ ಯಾರಿಗೇನು ನಷ್ಟ ಎಂದು ಅವನು ತಿಳಿಯುತ್ತಾನೆ. ನಷ್ಟ ಯಾರಿಗೆ, ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಈ ಪ್ರಶ್ನೆಯ ತಿರುಳೇ ಅಲ್ಲಿರುವುದು.

ಈ ಕೈಸೆಟ್ಟುಗಳು ಎಫ್.ಎಂ. ಪದ್ಧತಿಯವು. ಆ ಪದ್ಧತಿಯ ಗ್ರಾಹಕಯಂತ್ರಕ್ಕೆ ಒಂದು ಸ್ವಭಾವವುಂಟು: ಒಂದೇ ಕಂಪನಾಂಕದಲ್ಲಿ ಎರಡು ದನಿಗಳು ಏಕಕಾಲಕ್ಕೆ ಬಂದರೆ ಅದು ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ, ಪ್ರಬಲವಾದುದನ್ನು ಹಿಡಿದುಕೊಂಡು ದುರ್ಬಲವಾದುದನ್ನು ನುಂಗಿಬಿಡುತ್ತದೆ. ಸಂತೆಯ ಗದ್ದಲದಲ್ಲಾದರೆ ನಮ್ಮ ಕಿವಿ ಪರಿಚಯದ ದನಿಯನ್ನು ಆರಿಸಿಕೊಳ್ಳಬಲ್ಲದು; ಯಂತ್ರಕ್ಕೆ ಆ ವಿವೇಕವಿಲ್ಲ. ತವಂದಿಯ ಗುಡ್ಡದ ಮೇಲೆ ಹವ್ಯಾಸಿಗಳು ಒಂದು ರಿಪೀಟರನ್ನು, ಎಂದರೆ ದೂರದ ಕ್ಷೀಣ ದನಿಯನ್ನು ಹಿಡಿದು ಬಲಗೊಳಿಸಿ ಮತ್ತೆ ಬಿತ್ತರಿಸುವ ಯಂತ್ರವನ್ನು, ಇಟ್ಟಿದ್ದಾರೆಂದು ಊಹಿಸಿಕೊಳ್ಳೋಣ. ಶಿರಗುಪ್ಪಿಯ ಕಡೆಯಿಂದ, ಬ್ಯಾಟರಿ ಕುಂದಿದ ಸೆಟ್ಟಿನಲ್ಲಿ, ನೀರು ಸುತ್ತುವರಿದ ಮನೆಯ ಮಾಳಿಗೆಯ ಮೇಲೆ ನಿಂತವನೊಬ್ಬ, “ರಾಜಾಪುರ, ಎರಡೂವರೆ ಲಕ್ಷ” ಎಂದು ವರದಿ ಮಾಡುತ್ತಿದ್ದಾನೆ. ಸರಿಯಾಗಿ ಆ ಕ್ಷಣದಲ್ಲೇ ಗುಡ್ಡದ ಬುಡದ ಗೋದಾಮಿನಲ್ಲಿ ಲಾರಿ ಎಣಿಸುತ್ತಿರುವ ಹುಡುಗ ತನ್ನ ಸೆಟ್ಟಿನ ಗುಂಡಿ ಒತ್ತಿ, “ಗಾಡಿ ಬಂತೇನ್ರೀ?” ಎಂದು ಕೇಳುತ್ತಾನೆ. ಅವನದು ಹತ್ತಿರದ ದನಿ, ಆದ್ದರಿಂದ ಪ್ರಬಲ. ಚಿಕ್ಕೋಡಿಯಲ್ಲಿ ಬರೆದುಕೊಳ್ಳುತ್ತ ಕುಳಿತವನಿಗೆ ಕೇಳಿಸುವುದು ಇಷ್ಟು: ರಾಜಾಪುರ—ಗಾಡಿ ಬಂತೇನ್ರೀ—ಲಕ್ಷ. ಒಂದೂವರೆಯೋ ಎರಡೂವರೆಯೋ? ಒಂದೂವರೆಯಾದರೆ ಹೊಲಗಳು ಮುಳುಗುತ್ತವೆ. ಎರಡೂವರೆಯಾದರೆ ಊರುಗಳನ್ನು ಖಾಲಿ ಮಾಡಿಸಬೇಕು. ಗೋದಾಮಿನ ಹುಡುಗನಾದರೋ, ತಾನೇನು ಮಾಡಿದೆನೆಂಬ ಅರಿವೇ ಇಲ್ಲದೆ ತನ್ನ ಕೆಲಸಕ್ಕೆ ಹೋಗಿರುತ್ತಾನೆ. ದುರ್ಬುದ್ಧಿ ಅವನದಲ್ಲ, ಆದರೂ ಆಗಬಾರದ್ದು ಆಗಿಹೋಯಿತು.

ಘಟಪ್ರಭೆಯ ಎಡದಂಡೆ ಕಾಲುವೆಯ ರಾಯಬಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಪಾಳಿ ಮೀರಿ ಮೇಲಿನವನು ತೂಬು ತೆರೆದರೆ ಕೊನೆಯಂಚಿನ ಹೊಲಕ್ಕೆ ನೀರು ತಲಪುವುದಿಲ್ಲವೆಂಬುದು ಅವನ ಅನುಭವ. ತೂಬು ತೆರೆದವನಿಗೆ ಆ ಒಣಗಿದ ಹೊಲ ಕಾಣಿಸುವುದೂ ಇಲ್ಲ. ಹವ್ಯಾಸಿ ಪಟ್ಟಿಯ ಕಟ್ಟಳೆಗಳು ಮೊದಲು ರಕ್ಷಿಸುವುದು ಮಾತನಾಡುವವನ ಹಕ್ಕನ್ನಲ್ಲ, ದೂರದಲ್ಲಿ ಕುಳಿತು ಕ್ಷೀಣವಾದ ದನಿಯೊಂದಕ್ಕಾಗಿ ಕಿವಿಗೊಟ್ಟವನ ಹಕ್ಕನ್ನು. ಕರೆಸಂಕೇತ ಹೇಳಲೇಬೇಕೆಂಬ ನಿಯಮದ ಅರ್ಥವೂ ಅದೇ: ದನಿಗೊಬ್ಬ ಹೊಣೆಗಾರನಿರಬೇಕು, ಎಡರಾದರೆ ಹೆಸರು ಹಿಡಿದು ಕರೆದು ಪಕ್ಕಕ್ಕೆ ಸರಿಯೆಂದು ಹೇಳುವಂತಿರಬೇಕು. ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯೂ ಗುರುತಿಲ್ಲದ ಅಥವಾ ಸುಳ್ಳು ಗುರುತಿನ ಪ್ರಸಾರವನ್ನು ನಿಷೇಧಿಸಿರುವುದು ಈ ಕಾರಣದಿಂದಲೇ.

ಅಮೆರಿಕದಲ್ಲಿ ಲೈಸೆನ್ಸೆಂಬ ವ್ಯವಸ್ಥೆಯ ಹುಟ್ಟೂ ಒಂದು ಜಲದುರಂತಕ್ಕೆ ಹೆಣೆದುಕೊಂಡಿದೆ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ, ಅಮೆರಿಕದ ಕರಾವಳಿಯುದ್ದಕ್ಕೂ ಮನಬಂದ ಕಂಪನಾಂಕಗಳಲ್ಲಿ ಟಕಟಕಿಸುತ್ತಿದ್ದ ಹವ್ಯಾಸಿಗಳ ಗದ್ದಲವೇ ಸಂದೇಶಗಳು ಒಂದಕ್ಕೊಂದು ಬೆರೆತು ಸುಳ್ಳುಸುದ್ದಿಗಳು ಹರಡಿದ್ದಕ್ಕೆ ಕಾರಣವೆಂದು ದೂಷಿಸಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಶಾಸನ ಅವರಿಗೆ ಲೈಸೆನ್ಸನ್ನು ಕಡ್ಡಾಯಗೊಳಿಸಿ, 200 ಮೀಟರಿಗಿಂತ ಕಿರಿದಾದ, ಆಗ ನಿರುಪಯೋಗಿಯೆಂದು ಎಣಿಸಿದ್ದ ತರಂಗಗಳಿಗೆ ಅವರನ್ನು ದೂಡಿತು. ಆ ನಿರುಪಯೋಗಿ ತರಂಗಗಳೇ ಸಮುದ್ರಗಳನ್ನು ದಾಟಬಲ್ಲವೆಂದು ಮುಂದೆ ತೋರಿಸಿಕೊಟ್ಟವರೂ ಅದೇ ಹವ್ಯಾಸಿಗಳು.

ನಮ್ಮಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಲೈಸೆನ್ಸಿಲ್ಲದೆ ಯಂತ್ರವನ್ನು ಬಳಸುವುದಿರಲಿ, ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಪ್ರೇಷಕಯಂತ್ರ ಇಟ್ಟುಕೊಂಡವನಿಗೆ ಮೂರು ವರ್ಷಗಳವರೆಗಿನ ಸೆರೆಮನೆಯನ್ನು ಮುಂದಿನ ತಿದ್ದುಪಡಿಯೊಂದು ವಿಧಿಸಿತು. ಧಾರವಾಡ ಆಕಾಶವಾಣಿಯನ್ನೋ ಸಾಂಗಲಿಯನ್ನೋ ಕೇಳುವುದಕ್ಕೆ ಕೂಡ ಅಂಚೆ ಕಚೇರಿಯಿಂದ ಲೈಸೆನ್ಸ್ ಪುಸ್ತಕ ಪಡೆದು ವರ್ಷವರ್ಷವೂ ಹಣ ಕಟ್ಟುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಮೂಲ ಕಾಯಿದೆಯ ಬಿಗಿಯ ಹಿಂದೆ ಪರಕೀಯ ಪ್ರಭುತ್ವದ ಭೀತಿಯೂ ಇದ್ದಿತು. 1939ರಲ್ಲಿ ಯುದ್ಧಾರಂಭವಾದೊಡನೆ ಹವ್ಯಾಸಿಗಳು ತಮ್ಮ ಪ್ರೇಷಕಯಂತ್ರಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮತ್ತೊಂದೆಡೆ ದೇಶೀಯ ಸಂಸ್ಥಾನವಾದ ಮೈಸೂರಿನಲ್ಲಿ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಕೇಂದ್ರವನ್ನು ಸ್ಥಾಪಿಸಿ, ಕನ್ನಡದ ಕಿವಿಗಳಿಗೆ ಕನ್ನಡದ ದನಿಯನ್ನು ಮುಟ್ಟಿಸಿದರು. ಒಬ್ಬ ವ್ಯಕ್ತಿಯ ಆಸಕ್ತಿ ಎಷ್ಟು ಫಲಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನವನ್ನು ನಾನು ಕಾಣೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. 1942ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಉಷಾ ಮೆಹತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋ ಲೈಸೆನ್ಸಿಲ್ಲದ್ದೇ ಅಲ್ಲವೆ? ಅದರ ತರಂಗಾಂತರ 42.34 ಮೀಟರು, ಲೆಕ್ಕ ಹಾಕಿದರೆ 7.08 ಮೆಗಾಹರ್ಟ್ಸ್ ಆಸುಪಾಸು, ಎಂದರೆ ಇಂದು ಭಾರತದ ಹವ್ಯಾಸಿಗಳಿಗೆ ಕೊಟ್ಟಿರುವ 7.0ರಿಂದ 7.2ರ ಪಟ್ಟಿಯೊಳಗೇ. ಕಾನೂನು ಮುರಿದ ಆ ದನಿಯನ್ನು ನಾವು ಪೂಜಿಸುತ್ತೇವೆ, ಪೂಜಿಸತಕ್ಕದ್ದೇ. ಆದರೆ ಅವರು ಮಾಡಿದ್ದೇನೆಂಬುದನ್ನು ಬಲ್ಲವರಾಗಿ, ಅದರ ದಂಡವನ್ನೂ ಬಲ್ಲವರಾಗಿ, ದೇಶದ ಬಾಯನ್ನು ಕಟ್ಟಿದ್ದ ಒಂದು ಆಳ್ವಿಕೆಯ ವಿರುದ್ಧ ಮಾತನಾಡಿದರು. ಸಿಕ್ಕಿಬಿದ್ದು ಸೆರೆಮನೆಯನ್ನೂ ಅನುಭವಿಸಿದರು. ಇಂದಿನ ಅಪ್ಪಣೆಯಿಲ್ಲದ ದನಿ ಅಡ್ಡಿಪಡಿಸುವುದು ಯಾವ ಪ್ರಭುತ್ವವನ್ನೂ ಅಲ್ಲ, ಪಕ್ಕದ ಊರಿನ ಆರ್ತನಾದವನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆ ಧೀರೆಗೆ ಮಾಡುವ ಅಪಚಾರ.

ಕಟ್ಟಳೆ ಇದ್ದರಾಯಿತೆ, ಕಾಯುವವರು ಯಾರು? ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಕಂಪನಾಂಕಗಳನ್ನು ಹಂಚುವ ಡಬ್ಲ್ಯೂಪಿಸಿ ಎಂಬ ವಿಭಾಗ 1952ರಿಂದ ಇದೆ. ಆಕಾಶಕ್ಕೆ ಕಿವಿಯಿಟ್ಟು ಕೂರುವ ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಯ ನಿಗಾ ಕೇಂದ್ರಗಳು ದೇಶದ ಅನೇಕ ನಗರಗಳಲ್ಲಿವೆ. ದನಿಯ ಜಾಡು ಹಿಡಿಯುವ ಕ್ರಮ ತತ್ತ್ವತಃ ಸರಳವಾದದ್ದು. ದಿಕ್ಕು ತೋರುವ ಆಂಟೆನಾವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಒಂದು ಮಗ್ಗುಲಲ್ಲಿ ದನಿ ತಟ್ಟನೆ ಕುಗ್ಗುತ್ತದೆ. ಆ ದಿಕ್ಕನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆದು, ಇನ್ನೊಂದು ಊರಿನಿಂದ ಅದೇ ಕೆಲಸವನ್ನು ಮತ್ತೆ ಮಾಡಿದರೆ, ಎರಡು ಗೆರೆಗಳು ಕೂಡುವಲ್ಲಿ ದನಿಯವನ ಮನೆ. ಹವ್ಯಾಸಿಗಳು ಇದನ್ನೇ ಫಾಕ್ಸ್ ಹಂಟ್ ಎಂಬ ಆಟವಾಗಿ ಆಡಿ ಅಭ್ಯಾಸ ಮಾಡುತ್ತಾರೆ. ಆದರೆ ದೂರ ಸಾಗುವ ಕಿರುತರಂಗಗಳನ್ನು ದೂರದಿಂದಲೇ ಹಿಡಿಯಬಹುದಾದರೆ, ಐದು ವಾಟಿನ ಕೈಸೆಟ್ಟಿನ ದನಿ ಹತ್ತಾರು ಕಿಲೋಮೀಟರಿನಾಚೆ ಮುಟ್ಟುವುದೇ ಇಲ್ಲ. ಮೂರು ಸೆಕೆಂಡು ಮಾತಾಡಿ ಸುಮ್ಮನಾಗುವವನ ಬೆನ್ನು ಹತ್ತುವುದಕ್ಕೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತ ಅಧಿಕಾರಿಗೆ ಸಾಧ್ಯವೂ ಇಲ್ಲ. ಹತ್ತಿರದಲ್ಲಿ ಕೇಳುವವರೇ ಇಲ್ಲದ ಪಟ್ಟಿಗೆ ಕಾವಲೂ ಇಲ್ಲ.

ಆದಕಾರಣವೇ ಹವ್ಯಾಸಿಗಳೇ ಹವ್ಯಾಸಿ ಪಟ್ಟಿಯ ಮೊದಲ ಕಾವಲುಗಾರರಾಗಬೇಕಾಗುತ್ತದೆ. 2016ರಲ್ಲಿ ಪಶ್ಚಿಮ ಬಂಗಾಳದ ಹ್ಯಾಮ್‌ಗಳು ನಡುರಾತ್ರಿಯ ಹೊತ್ತಿನಲ್ಲಿ ಬಾಂಗ್ಲಾ ಗಡಿಯ ಕಡೆಯಿಂದ ಬರುತ್ತಿದ್ದ, ಕರೆಸಂಕೇತವನ್ನು ಹೇಳದ, ಗೂಢವಾದ ಮಾತುಕತೆಯನ್ನು ಗಮನಿಸಿ ಸರ್ಕಾರಕ್ಕೆ ತಿಳಿಸಿದರು. ಸರದಿಯ ಮೇಲೆ ಎಚ್ಚರವಿದ್ದು ಕೇಳಿದರು. ಅಮೆರಿಕದಲ್ಲಿ ಹವ್ಯಾಸಿಗಳ ಸಂಘದವರೇ ಸ್ವಯಂಸೇವಕರಾಗಿ ಪಟ್ಟಿಗಳನ್ನು ಆಲಿಸಿ, ಕಂಡ ತಪ್ಪನ್ನು ನಿಯಂತ್ರಣ ಮಂಡಳಿಗೆ ವರದಿ ಮಾಡುವ ವ್ಯವಸ್ಥೆಯುಂಟು. ಆದರೆ ಲೈಸೆನ್ಸೊಂದೇ ಸನ್ನಡತೆಗೆ ಪ್ರಮಾಣವಲ್ಲವೆಂಬುದನ್ನೂ ಅದೇ ದೇಶದಿಂದ ಕಲಿಯಬಹುದು: 2021ರಲ್ಲಿ ಐಡಾಹೊ ರಾಜ್ಯದಲ್ಲಿ ಕಾಡ್ಗಿಚ್ಚು ಹಬ್ಬಿದ್ದಾಗ, ಬೆಂಕಿ ಆರಿಸುವವರ ಕಂಪನಾಂಕದೊಳಕ್ಕೆ ಲೈಸೆನ್ಸು ಪಡೆದ ಹವ್ಯಾಸಿಯೊಬ್ಬ ನುಗ್ಗಿ ವಿಮಾನಗಳಿಗೆ ಸಲಹೆ ಕೊಡತೊಡಗಿದ, ಮರುವರ್ಷ ಅಲ್ಲಿನ ಮಂಡಳಿ ಅವನಿಗೆ 34,000 ಡಾಲರ್ ದಂಡವನ್ನು ಪ್ರಸ್ತಾಪಿಸಿತು. ಸಹಾಯ ಮಾಡುತ್ತಿದ್ದೆನೆಂಬ ಅವನ ಸಮಜಾಯಿಷಿ ಅಲ್ಲಿ ನಡೆಯಲಿಲ್ಲ. ನಡೆಯಬಾರದಿತ್ತು ಕೂಡ.

ಹಾಗೆಂದು ಎಲ್ಲರ ಮೇಲೂ ಒಂದೇ ಕೋಲನ್ನು ಬೀಸುವುದು ನ್ಯಾಯವಲ್ಲ. ಕಡಲಲ್ಲಿ ದೋಣಿಗಳವರು ಎರಡು ಮೀಟರಿನ, ಎಂದರೆ ಮೇಲೆ ಹೇಳಿದ 144ರಿಂದ 146ರ, ಹವ್ಯಾಸಿ ಪಟ್ಟಿಯಲ್ಲಿ ಮಾತನಾಡುತ್ತಾರೆಂಬುದು ದಕ್ಷಿಣ ಭಾರತದ ಹ್ಯಾಮ್‌ಗಳ ಬಹುಕಾಲದ ದೂರು. ಆದರೆ ಆ ಮೀನುಗಾರನ ಅಗತ್ಯ ನಿಜವಾದದ್ದು. ಅವನಿಗೆ ಬೇಕಾದದ್ದು ದಂಡವಲ್ಲ, ಕಡಲಿನ ಆಪತ್ತಿಗೆಂದೇ ಮೀಸಲಾದ 156.8 ಮೆಗಾಹರ್ಟ್ಸ್‌ನ ಸರಿಯಾದ ಸೆಟ್ಟು. ನಮ್ಮ ಗೋದಾಮಿನ ಹುಡುಗನಿಗೂ ಹಾಗೆಯೇ: 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಅರ್ಧ ವಾಟಿನ ಕೈಸೆಟ್ಟುಗಳನ್ನು ಲೈಸೆನ್ಸಿಲ್ಲದೆಯೇ ಬಳಸಬಹುದೆಂದು 2018ರಲ್ಲೇ ನಿಯಮವಾಗಿದೆ. ಲಾರಿ ಎಣಿಸುವುದಕ್ಕೆ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಜನಸಂದಣಿಯನ್ನು ನಿಭಾಯಿಸುವುದಕ್ಕೆ ಅಷ್ಟು ಸಾಕು. ಅವನು ಕೊಳ್ಳುವಾಗ ಈ ವಿಷಯವನ್ನು ಯಾರೂ ಅವನಿಗೆ ಹೇಳಲಿಲ್ಲ. ಅಸಲಿಗೆ, ಹೇಳಬೇಕಾದವನು ಮಾರಿದವನು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಕಂಪನಾಂಕವನ್ನಾಗಲಿ ಲೈಸೆನ್ಸಿನ ಅಗತ್ಯವನ್ನಾಗಲಿ ತಿಳಿಸದೆ ವಾಕಿಟಾಕಿ ಮಾರುತ್ತಿದ್ದ 13 ಆನ್‌ಲೈನ್ ಮಾರುಕಟ್ಟೆಗಳಿಗೆ ನೋಟೀಸು ಕೊಟ್ಟಿತು. ಅಂಥ 16,970 ಮಾರಾಟಪ್ರಕಟಣೆಗಳನ್ನು ಗುರುತಿಸಿದ್ದಾಗಿ ಹೇಳಿತು. ಕಾನೂನಿನ ಕೈ ಮೊದಲು ಚಾಚಬೇಕಾದ್ದು ಆ ಕಡೆಗೇ. ಪೆಟ್ಟಿಗೆಯ ಮೇಲೆ ಮುದ್ರಿಸುವ ಒಂದು ಸಾಲು ಸಾವಿರ ದಾಳಿಗಳಿಗಿಂತ ಹೆಚ್ಚಿನ ಅಡ್ಡಿಯನ್ನು ತಪ್ಪಿಸಬಲ್ಲದು.

ಮತ್ತೊಂದು ಮಾತು ಸರ್ಕಾರಕ್ಕೆ. ಹನ್ನೆರಡು ವರ್ಷ ತುಂಬಿದ ಯಾರಾದರೂ ಬರೆಯಬಹುದಾದ, ಪ್ರೌಢಶಾಲೆಯ ವಿಜ್ಞಾನ ಬಲ್ಲವನಿಗೆ ಕಠಿನವೆನಿಸದ ಪರೀಕ್ಷೆ ಹವ್ಯಾಸಿ ಲೈಸೆನ್ಸಿನದು; ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಇಲ್ಲ. ಆದರೆ ಪರೀಕ್ಷೆ ಎಂದು, ಎಲ್ಲಿ ಎಂಬುದು ಅಥಣಿಯ ಹುಡುಗಿಗೆ ತಿಳಿಯುವ ಬಗೆ ಸುಲಭವಲ್ಲ. ತೇರ್ಗಡೆಯಾದ ಮೇಲೂ ಪೊಲೀಸ್ ಪರಿಶೀಲನೆ ಮುಗಿದು ಲೈಸೆನ್ಸು ಕೈಸೇರುವಷ್ಟರಲ್ಲಿ ತಿಂಗಳುಗಟ್ಟಲೆ, ಹಿಂದೊಮ್ಮೆ ವರ್ಷಗಟ್ಟಲೆ, ಕಾದವರುಂಟು. ಅತ್ತ ಸೆಟ್ಟು ಎರಡು ದಿನದಲ್ಲಿ ಮನೆಗೆ ಬರುತ್ತದೆ. ನ್ಯಾಯದ ಬಾಗಿಲು ಇಷ್ಟು ನಿಧಾನವಾಗಿ ತೆರೆಯುವಾಗ ಕಿಟಕಿಯಿಂದ ಹಾರುವವರನ್ನೇ ಬೈಯುತ್ತ ಕೂರುವುದು ಆಡಳಿತಕ್ಕೆ ಶೋಭಿಸದು. 1885ರ, 1933ರ ಹಳೆಯ ಕಾಯಿದೆಗಳ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದು, 2024ರಿಂದ ಹಂತಹಂತವಾಗಿ ಜಾರಿಯಾಗುತ್ತಿರುವ ಈ ಸಂಧಿಕಾಲದಲ್ಲಿ ಹವ್ಯಾಸಿಯ ದಾರಿಯನ್ನು ಹಗುರಗೊಳಿಸುವುದಕ್ಕೆ ಒಳ್ಳೆಯ ಅವಕಾಶವಿದೆ.

ನಮ್ಮ ಐದು ತಾಲೂಕುಗಳ ಮಟ್ಟಿಗೆ ಆಗಬೇಕಾದ ಕೆಲಸ ದಿಲ್ಲಿಯನ್ನು ಕಾಯಬೇಕಾದ್ದಲ್ಲ. ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಕಾಲೇಜೊಂದರ ಹೆಸರಿನಲ್ಲೇ ಹವ್ಯಾಸಿ ಕೇಂದ್ರಕ್ಕೆ ಲೈಸೆನ್ಸು ಪಡೆಯಲು ನಿಯಮದಲ್ಲಿ ಅವಕಾಶವಿದೆ. ಮಿರಗದ ಮಳೆಗೆ ಮುನ್ನ ಉಪವಿಭಾಗಾಧಿಕಾರಿಗಳು ಆ ವಿದ್ಯಾರ್ಥಿಗಳನ್ನೂ, ಪೊಲೀಸರನ್ನೂ, ಕಲ್ಲೋಳ, ಸದಲಗಾ, ಕುಡಚಿ, ಉಗಾರಗಳ ಹೊಳೆದಂಡೆಯ ತರುಣರನ್ನೂ ಒಂದೆಡೆ ಕೂಡಿಸಿ, ಪೂರದ ವೇಳೆ ಯಾವ ಕಂಪನಾಂಕದಲ್ಲಿ ಯಾರು ಮಾತನಾಡುವುದು, ಯಾರು ಬರೆದುಕೊಳ್ಳುವುದು, ಅಂಕಿಯನ್ನು ಎರಡು ಬಾರಿ ಹೇಳಿ ಒಮ್ಮೆ ಮರಳಿ ಕೇಳುವ ಪದ್ಧತಿ ಹೇಗೆ ಎಂಬುದನ್ನು ಒಂದು ದಿನ ತಾಲೀಮು ಮಾಡಿಸಿದರೆ ಸಾಕು. ಅಂದು ಆ ಪಟ್ಟಿಯಲ್ಲಿ ಅಪ್ಪಣೆಯಿಲ್ಲದ ದನಿ ಯಾವುದಾದರೂ ಕೇಳಿಬಂದರೆ, ಅದರ ಜಾಡು ಹಿಡಿದು ಹೋದವರು ಮೊದಲ ಸಲಕ್ಕೆ ಸೆಟ್ಟನ್ನು ಬದಿಗಿಡಿಸಿ, ಪರೀಕ್ಷೆಯ ಅರ್ಜಿಯನ್ನು ಕೈಗೆ ಕೊಟ್ಟು ಬರಲಿ. ಕೆಲಸಕ್ಕೆ ಬೇಕಿದ್ದವನಿಗೆ 446ರ ಸೆಟ್ಟನ್ನು ತೋರಿಸಲಿ. ಆದರೆ ಹೊಳೆ ಏರುತ್ತಿರುವಾಗ, ಆ ಕಂಪನಾಂಕದಲ್ಲಿ ಏನು ನಡೆಯುತ್ತಿದೆಯೆಂದು ತಿಳಿದೂ ತಿಳಿದು ಗುಂಡಿ ಒತ್ತುವವನಿಗೆ ಮೊದಲ ತಪ್ಪೆಂಬ ರಿಯಾಯಿತಿ ಸಲ್ಲದು. ಕಾನೂನಿನಲ್ಲಿರುವ ದಂಡ ಅವನಿಗೆ ಪೂರ್ತಿಯಾಗಿಯೇ ಆಗಬೇಕು.